ಇನ್ನೊಬ್ಬರ ಕೈ

ನಮ್ಮ ಊರಿನಲ್ಲಿ ಯಾರೂ ತಮ್ಮ ಮುಖಕ್ಕೆ ತಾವೇ ಏನನ್ನೂ ಹಚ್ಚಿಕೊಳ್ಳಲಾರರು. ಹಚ್ಚಿಕೊಂಡರೆ ನಿಲ್ಲುವುದಿಲ್ಲ. ಪೌಡರಾದರೆ ಉದುರುತ್ತದೆ, ಎಣ್ಣೆಯಾದರೆ ಜಾರಿ ಕೊರಳಿಗೆ ಇಳಿಯುತ್ತದೆ, ಕುಂಕುಮವಾದರೆ ಹೊಸ್ತಿಲು ದಾಟುವುದರೊಳಗೆ ಮೂಗಿನ ತುದಿಯಲ್ಲಿರುತ್ತದೆ. ತೊಳೆದುಕೊಳ್ಳಲು ಅಡ್ಡಿಯಿಲ್ಲ, ಹಚ್ಚಲು ಮಾತ್ರ ಇನ್ನೊಬ್ಬರ ಕೈ ಬೇಕು. ಕೊರಳಿನಿಂದ ಕೆಳಗೆ ಈ ನಿಯಮವಿಲ್ಲ. ತೋಳು, ಎದೆ, ಹೊಟ್ಟೆಯ ಮುದ್ರೆಗಳನ್ನು ಉಪನಯನವಾದಂದಿನಿಂದ ನಾನೇ ಹಚ್ಚಿಕೊಳ್ಳುತ್ತಿದ್ದೇನೆ. ಏಕೆ ಹೀಗೆ ಎಂದು ಕೇಳುವವರು ಹೊರಗಿನವರು. ನಮಗೆ ಅದು ನಮ್ಮ ಬಾವಿಗಳ ನೀರು ತುಸು ಉಪ್ಪಾಗಿರುವಂತೆ ಒಂದು ಸಂಗತಿ, ಅಷ್ಟೇ.

ಆದ್ದರಿಂದ ಊರಿನಲ್ಲಿ ಪ್ರತಿಯೊಬ್ಬರಿಗೂ ಒಂದು ಜೊತೆ ಇರುತ್ತದೆ. ಗಂಡಹೆಂಡಿರು, ಅಕ್ಕತಂಗಿಯರು, ಕಬ್ಬಿಣದಂಗಡಿಯ ಇಬ್ಬರು ಪಾಲುದಾರರು, ಯಾರಾದರೂ ಆಗಬಹುದು. ನೀವು ನನಗೆ ಹಚ್ಚಿದರೆ ನಾನು ನಿಮಗೆ ಹಚ್ಚಬೇಕು. ಹಚ್ಚಿಸಿಕೊಂಡು ಸುಮ್ಮನೆ ಎದ್ದುಹೋಗುವುದಕ್ಕೆ ಒಂಟಿಕೈ ಎನ್ನುತ್ತೇವೆ. ದಿನವೂ ಪರರ ಮನೆಯಲ್ಲಿ ಎಲೆ ಹಾಕಿಸಿಕೊಂಡು ಉಣ್ಣುವಷ್ಟೇ ಅದು ನಾಚಿಕೆಗೇಡು. ಇನ್ನೊಂದು ಕಟ್ಟಳೆಯೂ ಉಂಟು. ಯಾರ ಮುಖದ ಮೇಲಿನ ತಪ್ಪನ್ನೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಅವರ ಜೊತೆಯ ಕೈಯನ್ನು ದೂರಿದಂತೆ. ಮನೆಗಳಲ್ಲಿ ಕನ್ನಡಿ ಇಡುವ ರೂಢಿಯಿಲ್ಲ. ನೋಡಿಕೊಂಡು ಮಾಡುವುದೇನು? ಮುಚ್ಚಿಡಲಾಗದ್ದೆಂದರೆ ಜಗಳ ಒಂದೇ. ಬೆಳಿಗ್ಗೆ ಗಂಡನ ಹಣೆ, ಹೆಂಡತಿಯ ಕೆನ್ನೆ ಎರಡೂ ಬೋಳಾಗಿ ಕಂಡರೆ ಬೀದಿಗೆಲ್ಲ ಅರ್ಥವಾಗುತ್ತದೆ.

ನನ್ನ ಜೊತೆ ನನ್ನ ಹೆಂಡತಿ ತುಂಗಾ. ನಲವತ್ತನಾಲ್ಕು ವರ್ಷ. ನಾನು ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತನಾದವನು. ಸುತ್ತಣ ಎಂಬತ್ತು ಊರುಗಳ ಗಡಿಗೆರೆ ಎಳೆದಿದ್ದೇನೆ. ನಮ್ಮ ಊರಿನ ನಕ್ಷೆಯನ್ನು ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ದೇವರಮನೆಯಲ್ಲಿ ಐದು ತಲೆಮಾರಿನಿಂದ ಪೂಜೆಗೊಳ್ಳುತ್ತ ಬಂದ ಒಂದು ಸಾಲಿಗ್ರಾಮವಿದೆ. ಅದರ ಪೂಜೆಗೆ ಕೂಡುವ ಮೊದಲು ಹಣೆಯ ಮೇಲೆ ಗೋಪೀಚಂದನದ ನಾಮವಿರಬೇಕು, ನಡುವೆ ಅಂಗಾರದ ಕಪ್ಪು ಗೆರೆಯಿರಬೇಕು. ತುಂಗಾ ಮಡಿಯುಟ್ಟು ಅಡುಗೆಮನೆಯ ಮೆಟ್ಟಿಲ ಮೇಲೆ ನನ್ನೆದುರು ಕುಳಿತು ಅದನ್ನು ಎಳೆಯುತ್ತಿದ್ದಳು. ಅದೇ ಹೊತ್ತಿಗೆ ಒಲೆಯ ಮೇಲೆ ಹಾಲಿರುತ್ತಿತ್ತು. “ರೀ, ಅಲ್ಲಾಡಬೇಡಿ” ಎಂದು ಒಮ್ಮೆ ಹೇಳುವಳು. ನಲವತ್ತನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ಹಾಲು ಒಂದು ದಿನವೂ ಉಕ್ಕಿ ಚೆಲ್ಲಿದ್ದಿಲ್ಲ.

ಅವಳ ಮುಖ ನನ್ನ ಪಾಲಿನದು. ಮದುವೆಯಾದ ಹೊಸತರಲ್ಲಿ ಕೆಲಸ ಸುಲಭವಾಗಿತ್ತು: ಅರಿಶಿನ, ಕುಂಕುಮ, ಚಳಿಗಾಲದಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆ. ಆಮೇಲೆ ಸ್ನೋ ಬಂತು. ಸ್ನೋ ಹೋಗಿ ಕೋಲ್ಡ್ ಕ್ರೀಮು ಬಂತು. ಅದರ ಹಿಂದೆಯೇ ಆರು ವಾರದಲ್ಲಿ ಬೆಳ್ಳಗೆ ಮಾಡುವ ಕ್ರೀಮು. ಆರು ವಾರ ನಿಷ್ಠೆಯಿಂದ ಹಚ್ಚಿದೆ. ನನ್ನ ಬಲಗೈಯ ಎರಡು ಬೆರಳು ಬೆಳ್ಳಗಾದವು. ಅವಳು ಕೃಷ್ಣವರ್ಣದವಳು, ಹಾಗೆಯೇ ಉಳಿದಳು. ಮುಲ್ತಾನಿ ಮಿಟ್ಟಿಯ ಕಾಲದಲ್ಲಿ ಊರಿಗೆ ಊರೇ ಗೋಡೆ ಸಾರಿಸಿದಂತೆ ಕಾಣುತ್ತಿತ್ತು. ಸೌತೆಕಾಯಿ ಬಂತು, ಪರಂಗಿ ಬಂತು, ಲೋಳೆಸರ ಬಂತು. ಕಾಫಿಪುಡಿ ಕೆನ್ನೆಗೆ ಒಳ್ಳೆಯದೆಂದಾದ ವಾರ ನಾನು ಕಾಫಿಯಿಲ್ಲದೆ ಕಚೇರಿಗೆ ಹೋದೆ. ಇದ್ದಿಲಿನ ಲೇಪ ಬಂದಾಗ ಮಾತ್ರ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆತನದವರು ಮೊದಲಿನಿಂದಲೂ ಇದ್ದಿಲು ಹಚ್ಚಿದವರು, ಹಣೆಗಷ್ಟೇ.

ಎರಡು ವರ್ಷದ ಹಿಂದೆ ಹೊರ ಊರಿನಿಂದ ನೀಲವೇಣಿ ಎಂಬ ಹೆಂಗಸು ಬಂದು ಅಂಚೆ ಕಚೇರಿಯ ಬೀದಿಯಲ್ಲಿ ಬ್ಯೂಟಿ ಪಾರ್ಲರ್ ತೆರೆದಳು. ಮೂವತ್ತೈದರ ಆಸುಪಾಸು, ಒಂಟಿ. ಬಸ್ಸಿನಿಂದ ಇಳಿಯುವ ಮೊದಲು ತುಟಿಗೆ ಬಣ್ಣ ಹಚ್ಚಿಕೊಂಡಿದ್ದಳಂತೆ. ನಿಲ್ದಾಣದಲ್ಲಿ ಕಾಲಿಡುತ್ತಲೇ ಅದು ಕಳಚಿ ಅಂಗೈಗೆ ಬಿತ್ತಂತೆ. ಅವಳು ತಂದದ್ದು ಹತ್ತು ಹಂತದ ಆರೈಕೆ: ಕ್ಲೆನ್ಸರ್, ಟೋನರ್, ಸೀರಮ್, ಒದ್ದೆ ಕಾಗದದಂಥ ಮಾಸ್ಕು, ಸನ್‌ಸ್ಕ್ರೀನು, ಇನ್ನೂ ಏನೇನೋ. ಕೊನೆಗೆ ಚರ್ಮ ಗಾಜಿನಂತೆ ಹೊಳೆಯಬೇಕು. ಒಬ್ಬರಿಗೆ ಹತ್ತೆಂದರೆ ಜೊತೆಗೂ ಹತ್ತು, ಒಟ್ಟು ಇಪ್ಪತ್ತು. ಶಾಲೆ ಹತ್ತೂವರೆಗೆ ಶುರುವಾಗುವಂತಾಯಿತು. ತಹಶೀಲ್ದಾರರ ಮನೆಯಲ್ಲಿ ಏಳನೆಯ ಹಂತದಲ್ಲಿ ಮಾತಿಗೆ ಮಾತು ಬೆಳೆದು, ಅವರು ಅರ್ಧ ಹೊಳೆಯುವ ಮುಖದಲ್ಲಿ ಬಂದು ಆ ದಿನವಿಡೀ ಅರ್ಜಿಗಳನ್ನು ವಿಚಾರಿಸಿದರು. ಅರ್ಜಿದಾರರು ನೆಲ ನೋಡುತ್ತ ನಿಂತಿದ್ದರು.

ಹೋದ ಮಾರ್ಗಶಿರದಲ್ಲಿ ತುಂಗಾ ಒಂದು ಪುಟ್ಟ ಗಾಜಿನ ಡಬ್ಬಿ ತಂದಳು. ಊಟವಾಗಿತ್ತು. ನಾನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ.

“ರೀ, ಇದು ಮಲಗೋ ಮುಂಚೆ ಹಚ್ಚೋದಂತೆ. ನೈಟ್ ಕ್ರೀಮು.”

“ರಾತ್ರಿ ಯಾರು ನೋಡ್ತಾರೆ?”

“ಯಾರೂ ನೋಡೋದು ಬೇಡ. ಹಚ್ಚೋರು ಇದ್ದರೆ ಸಾಕು.”

“ಬೆಳಿಗ್ಗೆದೇ ಸಾಕಾಗಿದೆ ಮಾರಾಯ್ತಿ. ಅರವತ್ತಾರು ನಿನಗೆ. ಗಾಜಾಗಿ ಏನು ಮಾಡ್ತೀಯ?”

ಅವಳು ನಕ್ಕಳು. ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಳು. ಆಮೇಲೆ ಅದರ ಮಾತೆತ್ತಲಿಲ್ಲ. ಮಂಗಳವಾರ ಮತ್ತು ಶುಕ್ರವಾರ ಹೂವಿನ ಬುಟ್ಟಿ ಹಿಡಿದು ಹೊರಗೆ ಹೋಗಿ ಒಂದು ಗಂಟೆ ಬಿಟ್ಟು ಬರುತ್ತಿದ್ದಳು. ಹೂವು ದೂರದಲ್ಲಿ ಸಿಗುತ್ತಿರಬೇಕೆಂದುಕೊಂಡೆ.

ವೈಶಾಖ ಬಹುಳ ತದಿಗೆಯ ಬೆಳಿಗ್ಗೆ ತುಳಸಿಗೆ ನೀರೆರೆದು ಬಂದು ಮೆಟ್ಟಿಲ ಮೇಲೆ ಕುಳಿತಳು. ನನಗೆ ನಾಮ ಹಚ್ಚಿಯಾಗಿತ್ತು. ಮತ್ತೆ ಏಳಲಿಲ್ಲ. ಹೊರಡಿಸುವ ಮೊದಲು ಅರಿಶಿನ ಹಚ್ಚಬೇಕಾದವರು ಜೊತೆಯವರೇ. ಹಚ್ಚಿದೆ. ನಿಂತಿತು. ಆದರೆ ಅವಳ ಕೆನ್ನೆಯ ಮೇಲೆ ನನ್ನ ಬೆರಳಿಗೆ ಗುರುತಿಲ್ಲದ ಒಂದು ನುಣುಪಿತ್ತು. ಅದು ನನ್ನ ಕೆಲಸವಲ್ಲ. ಆ ಹೊತ್ತಿನಲ್ಲಿ ಅದನ್ನು ಯಾರೊಂದಿಗೆ ಹೇಳುವುದು? ಕುಂಕುಮವನ್ನೂ ಇಟ್ಟು ಎದ್ದೆ.

ಹದಿಮೂರನೆಯ ದಿನ ಗುಡಿಯ ಅರ್ಚಕರಾದ ಬಿಂದಾಚಾರ್ಯರು ನನ್ನ ಹಣೆಗೆ ನಾಮ ಎಳೆದರು. ಅವರ ಹೆಬ್ಬೆರಳಿಗೆ ನಸ್ಯದ ವಾಸನೆ. ಅವರ ಜೊತೆ ಅವರ ತಮ್ಮ. ನನ್ನ ಕೈ ಅವರಿಗೆ ಬೇಕಿಲ್ಲ. ಮರುದಿನದಿಂದ ನಾನು ಹೋಗಲಿಲ್ಲ. ಎದುರುಮನೆಯ ಪದ್ಮನಾಭಯ್ಯ ದಂಪತಿ ನನ್ನನ್ನು ಮೂರನೆಯವನಾಗಿ ಸೇರಿಸಿಕೊಂಡರು. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಅವರಿಬ್ಬರಿಗೂ ಜಗಳವಾಗಿ ಮೂವರೂ ಬೋಳು ಹಣೆಯಲ್ಲಿ ಉಳಿದೆವು. ಬೀದಿಯವರು ನನ್ನನ್ನೂ ಆ ಜಗಳದಲ್ಲಿ ಒಬ್ಬನೆಂದು ಎಣಿಸಿದರು. ಆಮೇಲೆ ನನ್ನ ಕೈಯಿಂದಲೇ ಹಚ್ಚಿಕೊಂಡು ನೋಡಿದೆ. ಆಚಮನ ಮಾಡುವಷ್ಟರಲ್ಲಿ ನಾಮ ಪಂಚಪಾತ್ರೆಯ ನೀರಿನಲ್ಲಿತ್ತು. ಒಲೆಯ ಮೇಲೆ ಹಾಲು ದಿನವೂ ಉಕ್ಕುತ್ತಿತ್ತು. ಒರೆಸುವುದನ್ನು ಕಲಿತೆ.

ದೇವರು ಉಪವಾಸವಿರಬಾರದೆಂದು ಬಿಂದಾಚಾರ್ಯರು ದಿನವೂ ಗುಡಿಯ ಕೆಲಸ ಮುಗಿಸಿ ನಮ್ಮ ಮನೆಗೆ ಬರುತ್ತಿದ್ದರು. ಒಂದು ದಿನ ಹೊರಡುವಾಗ ಹೇಳಿದರು:

“ರಾಯರೇ, ನಾನು ಒಂದು ಉದ್ಧರಣೆ ನೀರು, ಒಂದು ದಳ ತುಳಸಿ ಹಾಕಿ ಹೋಗ್ತಿದ್ದೀನಿ. ಇದು ಪೂಜೆ ಅಲ್ಲ.”

“ಗೊತ್ತು ಆಚಾರ್ರೇ.”

“ಪ್ರಥಮೈಕಾದಶಿಗೆ ಇನ್ನು ಎಂಟು ದಿನ. ಅಷ್ಟರೊಳಗೆ ನಿಮ್ಮ ಕೈಯಿಂದ ಪೂಜೆ ನಡೀಬೇಕು. ಇಲ್ಲಾಂದ್ರೆ ಸಾಲಿಗ್ರಾಮ ಗುಡಿಗೆ ಕೊಟ್ಟುಬಿಡಿ. ಅಲ್ಲಿ ಇನ್ನೂ ಹದಿನಾಲ್ಕು ಇವೆ. ಅದರ ಜೊತೆಗೆ ಇದೂ ಒಂದು.”

“ಐದು ತಲೆಮಾರಿನದು.”

“ಅದಕ್ಕೇ ಹೇಳ್ತಿರೋದು. ಜೊತೆ ನೋಡ್ಕೊಳ್ಳಿ. ಹೀಗೆ ಬೋಳು ಹಣೆ ಹೊತ್ಕೊಂಡು ಕೂತ್ರೆ ತುಂಗಕ್ಕ ಎದ್ದು ಬರ್ತಾರಾ?”

ಅವರು ಒರಟರಲ್ಲ. ಹಾಗೆ ಹೇಳಿ ತಾವೇ ಕಣ್ಣೊರೆಸಿಕೊಂಡು ಹೋದರು. ಹದಿನಾಲ್ಕರ ನಡುವೆ ನಮ್ಮ ದೇವರು ಹದಿನೈದನೆಯದಾಗಿ ಕೂತಿರುವುದನ್ನು ನೆನೆಸಿಕೊಂಡೆ. ಅಡುಗೆಗೆ ಅಕ್ಕಿ ತೆಗೆಯಲು ಹೋದಾಗ ಡಬ್ಬದ ಹಿಂದೆ ಆ ಗಾಜಿನ ಡಬ್ಬಿ ಕೈಗೆ ಸಿಕ್ಕಿತು. ತೆರೆದೆ. ತಳದಲ್ಲಿ ತುಸುವೇ ಉಳಿದಿತ್ತು.

ನಾನು ಒಂದು ದಿನವೂ ಹಚ್ಚಿರಲಿಲ್ಲ. ಅವಳ ಕೈಯಿಂದ ಅವಳಿಗೆ ನಿಲ್ಲುವುದಿಲ್ಲ. ಹಾಗಾದರೆ ಯಾರ ಕೈ? ಎಪ್ಪತ್ತೊಂದು ವರ್ಷದವನಿಗೆ, ಹೆಂಡತಿಯ ಮಾಸಿಕವೊಂದನ್ನು ಮುಗಿಸಿದವನಿಗೆ, ಇಂಥ ಯೋಚನೆ ಬರಬಾರದು. ಬಂತು. ಸಂಧ್ಯಾವಂದನೆಯಲ್ಲಿ ಗಾಯತ್ರಿಯ ಲೆಕ್ಕ ಎರಡು ಸಲ ತಪ್ಪಿತು. ಮರುದಿನ ಹತ್ತು ಗಂಟೆಗೆ ಡಬ್ಬಿಯನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು ಪಾರ್ಲರಿಗೆ ಹೊರಟೆ. ಇಂಥದ್ದು ಮಾರುವ ಜಾಗ ಊರಿನಲ್ಲಿ ಅದೊಂದೇ.

ಬಾಗಿಲ ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂದು ಬರೆದಿತ್ತು. ಒಳಗೆ ನಾಲ್ವರು ಹೆಂಗಸರು ಇದ್ದಿಲಿನ ಲೇಪ ಹಚ್ಚಿಸಿಕೊಂಡು ಸಾಲಾಗಿ ಒರಗಿದ್ದರು. ಆ ಲೇಪ ಒಣಗುವವರೆಗೆ ಬಾಯಿ ತೆರೆದರೆ ಬಿರುಕು ಬಿಡುತ್ತದೆ, ಮೊದಲಿನಿಂದ ಹಚ್ಚಬೇಕು. ಆದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ನಾಲ್ಕು ಕಪ್ಪು ಮುಖಗಳಿಂದ ಎಂಟು ಕಣ್ಣುಗಳು ನನ್ನನ್ನು ನೋಡಿದವು. ಒಬ್ಬರು ಸೆರಗು ಸರಿಮಾಡಿಕೊಂಡರು.

ನೀಲವೇಣಿ ಕೈ ಒರೆಸಿಕೊಳ್ಳುತ್ತ ಬಂದಳು. ಊರಿಗೆಲ್ಲ ಹಚ್ಚುವವಳ ಮುಖ ಬರಿದಾಗಿತ್ತು. ತುಟಿ ಒಡೆದಿತ್ತು. ಕೆನ್ನೆಯ ಮೇಲೆ ಬೇಸಿಗೆಯ ಗದ್ದೆಯಂತೆ ಬಿರುಕು.

“ನೀವು ತುಂಗಮ್ಮಾವ್ರ ಮನೆಯವರಲ್ವಾ?”

ನಾನು ಡಬ್ಬಿ ತೋರಿಸಿದೆ. “ಇದನ್ನ ಅವಳಿಗೆ ಹಚ್ಚಿದ್ದು ಯಾರಮ್ಮಾ?”

“ನಾನೇ ರಾಯರೇ. ಹಗಲಲ್ಲೇ ಹಚ್ಚಿಸ್ಕೋತಿದ್ರು. ರಾತ್ರಿ ಕ್ರೀಮ್ ಇದು ಅಂದ್ರೆ, ಮುಖಕ್ಕೇನು ಗೊತ್ತು ಹಗಲೋ ರಾತ್ರಿಯೋ ಅಂತಿದ್ರು.”

“ನನಗೆ ಹೇಳಲಿಲ್ಲ.”

“ಹೇಳಿದ್ರೆ ನೀವೇ ಹಚ್ತೀನಿ ಅಂತ ಹಟ ಮಾಡ್ತೀರಿ, ಬೆಳಿಗ್ಗೆ ಕೈ ನೋಯುತ್ತೆ ಅಂತಿದ್ರು.” ಅವಳು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ತಿರುಗಿಸಿದಳು. “ಅರ್ಧ ಅವರಿಗೆ, ಅರ್ಧ ನನಗೆ. ಇಲ್ಲಿ ಬರೋರೆಲ್ಲ ದುಡ್ಡು ಕೊಟ್ಟೆವಲ್ಲ, ಒಂಟಿಕೈ ಆಗಲ್ಲ ಅಂತ ಎದ್ದು ಹೋಗ್ತಾರೆ. ನಾನು ಬಂದು ಒಂದು ವರ್ಷ ನನ್ನ ಮುಖ ಯಾರೂ ಮುಟ್ಟಿರಲಿಲ್ಲ. ಅಮ್ಮಾವ್ರು ಒಂದು ದಿನ ಈ ಡಬ್ಬಿ ತಗೊಳೋಕೆ ಬಂದ್ರು. ‘ಏನೇ, ನಿನ್ನ ಜೊತೆ ಯಾರು?’ ಅಂದ್ರು. ಯಾರೂ ಇಲ್ಲಮ್ಮ ಅಂದೆ. ‘ಕೂತ್ಕೋ’ ಅಂದ್ರು.”

ಒರಗಿದ್ದವರಲ್ಲಿ ಒಬ್ಬರ ಲೇಪದಲ್ಲಿ ಕಣ್ಣಿನ ಕೆಳಗೆ ಒಂದು ಬಿರುಕು ಕಾಣಿಸಿತು. ನಾನು ನನ್ನ ಚಪ್ಪಲಿ ನೋಡಿದೆ.

“ಈಗ ಯಾರು ಹಚ್ತಾರೆ?” ಎಂದೆ.

“ಯಾರೂ ಇಲ್ಲ. ನಿಮಗೆ?”

“ನನಗೂ.”

ಅವಳು ನನ್ನ ಹಣೆಯನ್ನು ನೋಡಿದಳು. ನಾನು ಅವಳ ಕೆನ್ನೆಯನ್ನು ನೋಡಿದೆ. ಊರಿನ ಕಟ್ಟಳೆಯಂತೆ ಇಬ್ಬರೂ ಏನೂ ಹೇಳಲಿಲ್ಲ.

ಬಿಂದಾಚಾರ್ಯರನ್ನು ಕೇಳದೆ ನಾನು ಏನನ್ನೂ ಮಾಡುವವನಲ್ಲ. ಪಾರ್ಲರಿನಲ್ಲಿ, ಮಡಿಯಿಲ್ಲದ ಕೈಯಿಂದ ನಾಮ ಹಚ್ಚಿಸಿಕೊಂಡರೆ ಪೂಜೆಗೆ ಸಲ್ಲುವುದೇ ಎಂದೆ. ಸ್ನಾನ ಮಾಡಿದರೆ ನಾಮ ಹೋಗುತ್ತದೆ, ಮಾಡದಿದ್ದರೆ ಮಡಿ ಹೋಗುತ್ತದೆ. ಅವರು ಬಹಳ ಹೊತ್ತು ಜನಿವಾರ ತಿರುವುತ್ತ ಯೋಚಿಸಿದರು.

“ಕಂಠಸ್ನಾನ ಮಾಡಿ. ಕೊರಳಿನಿಂದ ಕೆಳಗೆ. ಅಶಕ್ತರಿಗೆ ಶಾಸ್ತ್ರದಲ್ಲಿ ಅವಕಾಶ ಇದೆ.”

“ನಾನು ಅಶಕ್ತನಲ್ಲ ಆಚಾರ್ರೇ. ಈಗಲೂ ಬಾವಿಯಿಂದ ಹತ್ತು ಕೊಡ ಸೇದ್ತೀನಿ.”

“ಎರಡು ತಿಂಗಳಿಂದ ಒಂದು ಗೆರೆ ಎಳ್ಕೊಳ್ಳೋಕೆ ಆಗಿಲ್ಲ,” ಎಂದರು. “ಅಶಕ್ತರೇ.”

ದಶಮಿಯ ದಿನ, ಏಕಾದಶಿಗೆ ಒಂದು ದಿನ ಮೊದಲು, ಗೋಪೀಚಂದನದ ಗಟ್ಟಿ, ಸಾಣೆಕಲ್ಲು, ಅಂಗಾರದ ಬಟ್ಟಲು ಹಿಡಿದು ಬೆಳಿಗ್ಗೆ ಆರಕ್ಕೆ ಹೋದೆ. ನೀಲವೇಣಿ ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ನನ್ನನ್ನು ಕುರ್ಚಿಯಲ್ಲಿ ಕೂಡಿಸಿ, ಕೊರಳಿಗೆ ಟವೆಲ್ ಸುತ್ತಿ, ಗದ್ದ ಹಿಡಿದು ತಲೆಯನ್ನು ನೆಟ್ಟಗೆ ಮಾಡಿದಳು. ಹುಬ್ಬುಗಳ ನಡುವಿನಿಂದ ಕೂದಲ ಬೈತಲೆಯವರೆಗೆ ದಾರ ಹಿಡಿದು ಅಳೆದಳು. ಸರ್ವೆಯವನಾದ ನನಗೆ ಅದು ಮೆಚ್ಚುಗೆಯಾಯಿತು. ನಾನು ಕೇಶವಾಯ ನಮಃ ಎಂದೆ. ಅವಳು ಸಣ್ಣ ಬ್ರಷ್ಷಿನಿಂದ ಎಳೆದಳು. ಮುಗಿಸಿ ಕುರ್ಚಿಯನ್ನು ದೊಡ್ಡ ಕನ್ನಡಿಯತ್ತ ತಿರುಗಿಸಿದಳು. ಹಣೆಯ ಮೇಲೆ ಒಂದು ಕಪ್ಪು ಗೆರೆ, ಗಡಿಕಲ್ಲಿನಷ್ಟು ನೆಟ್ಟಗೆ. ಕೆಳಗಿದ್ದವನು ಯಾರೋ ಬೇರೆಯವನಂತೆ ಕಂಡ. ನಾನು ಮುದುಕನಾಗಿರುವುದರಿಂದ ಹಾಗೆ ಎಂದುಕೊಂಡೆ.

ಬಳಿಕ ಅವಳು ಕೂತಳು. ನಾನು ಡಬ್ಬಿ ತೆರೆದೆ. ನಲವತ್ತನಾಲ್ಕು ವರ್ಷ ಮಾಡಿದ ಕೆಲಸ. ಬೆರಳಿಗೆ ದಾರಿ ಗೊತ್ತಿತ್ತು. ಮೊದಲು ಹಣೆ, ಆಮೇಲೆ ಬಲಗೆನ್ನೆ, ಮೂಗು, ಎಡಗೆನ್ನೆ, ಗದ್ದ, ಪ್ರದಕ್ಷಿಣೆಯ ಹಾಗೆ. ಕೆನ್ನೆಗೆ ಬರುವಷ್ಟರಲ್ಲಿ ಅವಳ ಕಣ್ಣಿನಿಂದ ನೀರು ಇಳಿದು ಕ್ರೀಮು ಕದಡಿತು. ಒರೆಸಿ ಮತ್ತೆ ಹಚ್ಚಿದೆ. ಮತ್ತೆ ಕದಡಿತು. ಮೂರನೆಯ ಸಲ ನಿಂತಿತು. ಕೊನೆಗೆ ಅವಳ ಹಣೆಗೆ ಉದ್ದ ಬೊಟ್ಟನ್ನು ಇಟ್ಟು, ಮನೆಗೆ ಬಂದು, ಕೊರಳಿನಿಂದ ಕೆಳಗೆ ನೀರು ಹೊಯ್ದುಕೊಂಡು ಪೂಜೆಗೆ ಕುಳಿತೆ. ತುಂಗಾ ಹೋದ ಐವತ್ತೆರಡನೆಯ ದಿನ ಸಾಲಿಗ್ರಾಮವನ್ನು ಮತ್ತೆ ಮುಟ್ಟಿದೆ. ತಣ್ಣಗಿತ್ತು. ಮಂತ್ರ ಒಂದೂ ತಪ್ಪಲಿಲ್ಲ. ಆದರೂ ಪೂಜೆಯುದ್ದಕ್ಕೂ ಯಾರೋ ಅಪರಿಚಿತರು ನನ್ನ ಪರವಾಗಿ ಕೂತಿರುವಂತೆ ಅನ್ನಿಸುತ್ತಿತ್ತು.

ತೀರ್ಥ ತೆಗೆದುಕೊಳ್ಳಲು ಗುಡಿಗೆ ಹೋದೆ. ಬಿಂದಾಚಾರ್ಯರು ನನ್ನನ್ನು ನೋಡಿ ಸಂತೋಷದಿಂದ ಎರಡೂ ಕೈ ಎತ್ತಿದರು.

“ಆಹಾ! ರಾಯರೇ, ಇವತ್ತು ನೆಟ್ಟಗಿದೆ!”

ಹೇಳಿದ ಮೇಲೆ ಅವರ ಕೈಗಳು ಅಲ್ಲೇ ನಿಂತವು. ಗುಡಿಯಲ್ಲಿದ್ದ ಐದಾರು ಜನ ಬೇರೆ ಬೇರೆ ಕಡೆ ನೋಡತೊಡಗಿದರು. ಒಬ್ಬರು ಗಂ‍ಟೆಯನ್ನು ನೋಡಿದರು.

“ಇವತ್ತು ಅಂದರೆ?”

“ಏನಿಲ್ಲ. ತೀರ್ಥ ತಗೊಳ್ಳಿ.”

“ಆಚಾರ್ರೇ, ಇವತ್ತು ಅಂದರೆ?”

ಅವರು ನನ್ನನ್ನು ಕಂಬದ ಮರೆಗೆ ಕರೆದುಕೊಂಡು ಹೋದರು. “ನಿಮ್ಮ ನಾಮ ಓರೆ ಇರ್ತಿತ್ತು ರಾಯರೇ. ಮೊದಲಿನಿಂದಲೂ. ಊರಿನ ಎರಡು ತಲೆಮಾರು ನಿಮ್ಮನ್ನ ಹಾಗೇ ನೋಡಿರೋದು. ಹೊಸಬರಿಗೆ ನಿಮ್ಮ ಮನೆ ಹೇಳುವಾಗಲೂ, ಓರೆನಾಮದ ರಾಯರು ಅಂದ್ರೆ ಯಾರಾದರೂ ತೋರಿಸ್ತಾರೆ ಅಂತಿದ್ವಿ.”

“ನಲವತ್ತನಾಲ್ಕು ವರ್ಷ ಯಾರೂ ಹೇಳಲಿಲ್ಲ?”

“ಹೆಂಗೆ ಹೇಳೋದು? ತುಂಗಕ್ಕನ ಕೈಯನ್ನ ದೂರಿದ ಹಾಗೆ ಆಗ್ತಿತ್ತು.”

ಮನೆಗೆ ಬಂದು ಕಚೇರಿಯ ಹಳೆಯ ಗುರುತಿನ ಚೀಟಿ ಹುಡುಕಿ ತೆಗೆದೆ. ಅದರ ಫೋಟೋದಲ್ಲಿ ನಾಮ ಓರೆಯಾಗಿ ಕಂಡದ್ದು ನೆನಪಿತ್ತು. ತೆಗೆದವನ ಕೈ ಓರೆ ಎಂದು ಆಗ ಅಂದುಕೊಂಡಿದ್ದೆ. ಕೋನಮಾಪಕ ಇಟ್ಟು ನೋಡಿದೆ. ಆರು ಡಿಗ್ರಿ, ಮೇಲಿನ ತುದಿ ನನ್ನ ಬಲಕ್ಕೆ. ಎಂಬತ್ತು ಊರುಗಳ ಗಡಿಗೆರೆಯಲ್ಲಿ ಅರ್ಧ ಡಿಗ್ರಿಯ ತಪ್ಪಿಗೆ ಸಹಾಯಕರನ್ನು ಗದರಿಸಿದವನು ನಾನು.

ಆ ಸಂಜೆ ಒಲೆಯ ಮೇಲೆ ಹಾಲಿಟ್ಟು, ಎಂದೂ ಕೂರದವನು, ಅವಳು ಕೂರುತ್ತಿದ್ದ ಜಾಗದಲ್ಲಿ ಕುಳಿತೆ. ಅಲ್ಲಿಂದ ಒಲೆ ಕಾಣುವುದಿಲ್ಲ. ಅಡುಗೆಮನೆಯ ಕಂಬ ಅಡ್ಡ ಬರುತ್ತದೆ. ತಲೆಯನ್ನು ತುಸು ಎಡಕ್ಕೆ ವಾಲಿಸಿದರೆ ಕಂಬದ ಪಕ್ಕದಿಂದ ಹಾಲಿನ ಪಾತ್ರೆಯ ಅಂಚು ಕಾಣುತ್ತದೆ. ಹಾಗೆಯೇ ವಾಲಿಕೊಂಡು, ಎದುರಿಗೆ ನಾನಿದ್ದೇನೆಂದುಕೊಂಡು, ಗಾಳಿಯಲ್ಲಿ ಒಂದು ಗೆರೆ ಎಳೆದೆ. ಒಂದು ಕಣ್ಣು ಹಾಲಿನ ಮೇಲೆ, ಒಂದು ಕಣ್ಣು ನನ್ನ ಮೇಲೆ. ಹಾಲು ಏರಿತು. ಎದ್ದು ಇಳಿಸಿದೆ. ಆ ದಿನ ಚೆಲ್ಲಲಿಲ್ಲ.

ಏಕಾದಶಿಯ ಬೆಳಿಗ್ಗೆ ಆರಕ್ಕೆ ಪಾರ್ಲರಿನ ಕುರ್ಚಿಯಲ್ಲಿ ಕುಳಿತು, ನೀಲವೇಣಿ ದಾರ ಹಿಡಿದಾಗ ಅವಳನ್ನು ತಡೆದೆ.

“ದಾರ ಬೇಡಮ್ಮ. ಆರು ಡಿಗ್ರಿ ವಾಲಿಸಬೇಕು. ಮೇಲಿನ ತುದಿ ನನ್ನ ಬಲಕ್ಕೆ.”

“ಆರು ಡಿಗ್ರಿ ಅಂದ್ರೆ ಎಷ್ಟು ರಾಯರೇ?”

ಕೋನಮಾಪಕವನ್ನು ಜೇಬಿನಿಂದ ತೆಗೆಯುತ್ತಿದ್ದೆ. ಅವಳು ನನ್ನ ಕೈಯನ್ನು ಕೆಳಗಿಳಿಸಿದಳು.

“ಅಮ್ಮಾವ್ರು ಇಡ್ತಿದ್ದಷ್ಟು ತಾನೇ? ಅದು ಗೊತ್ತು. ನನ್ನ ಬೊಟ್ಟನ್ನೂ ಅವರು ಹಾಗೇ ಇಡ್ತಿದ್ರು. ನಾನು ಕನ್ನಡಿ ಇಟ್ಕೊಂಡಿರೋಳು, ಮೊದಲ ದಿನವೇ ನೋಡಿದೆ.”

“ನೀನೂ ಹೇಳಲಿಲ್ಲ.”

“ಇಲ್ಲ.” ಅವಳು ಬ್ರಷ್ಷು ಬದಿಗಿಟ್ಟು ಉಂಗುರದ ಬೆರಳನ್ನು ಅಂಗಾರದಲ್ಲಿ ಅದ್ದಿದಳು. “ಅವರು ಹಚ್ಚುವಾಗ ಆ ಕಡೆ ವಾಲ್ಕೊಂಡು ಏನೋ ನೋಡೋರು. ಅಲ್ಲಿ ನಂದೊಂದು ಖಾಲಿ ಸ್ಟೂಲು, ಅಷ್ಟೇ. ಏನು ನೋಡ್ತೀರಮ್ಮ ಅಂದ್ರೆ, ಅಯ್ಯೋ ಅಭ್ಯಾಸ ಕಣೇ ಅನ್ನೋರು. ಅಲ್ಲಾಡಬೇಡಿ.”

ನಾನು ಅಲ್ಲಾಡಲಿಲ್ಲ. ಬೆರಳು ಹಣೆಯ ಮೇಲೆ ಕೆಳಗಿನಿಂದ ಮೇಲೆ ಹೋಗಿ, ತುದಿಯಲ್ಲಿ ತುಸು ಬಲಕ್ಕೆ ಸರಿಯಿತು. ಅವಳು ಕುರ್ಚಿಯನ್ನು ಕನ್ನಡಿಯತ್ತ ತಿರುಗಿಸಲು ಹೋದಳು. ಬೇಡವೆಂದೆ.

ಆಮೇಲೆ ನನ್ನ ಸರದಿ. ಡಬ್ಬಿಯಲ್ಲಿ ಇನ್ನೆರಡು ದಿನಕ್ಕಾಗುವಷ್ಟು ಕ್ರೀಮು ಉಳಿದಿತ್ತು. ಹೊಸ ಡಬ್ಬಿ ತೆಗೆದಿಡು ಎಂದೆ. ಹಚ್ಚಿ ಮುಗಿಸಿ ಬೊಟ್ಟಿಟ್ಟೆ. ಅವಳು ಕನ್ನಡಿಯಲ್ಲಿ ನೋಡಿಕೊಂಡಳು.

“ನೀವು ನೆಟ್ಟಗೆ ಇಡ್ತೀರ ರಾಯರೇ.”

“ಸರ್ವೆಯ ಕೈ. ಎರಡು ದಿನ ತಡೆದುಕೋ,” ಎಂದೆ. “ಕಲೀತೀನಿ.”

ಸಾಣೆಕಲ್ಲು, ಬಟ್ಟಲುಗಳನ್ನು ಕಟ್ಟಿಕೊಂಡು ಮನೆಯತ್ತ ಹೊರಟೆ. ದಾರಿಯಲ್ಲಿ ಏಳು ಜನ ಎದುರಾದರು. ಏಳೂ ಜನ ನನ್ನ ಹಣೆಯನ್ನು ನೋಡಿದರು. ಯಾರೂ ಏನೂ ಹೇಳಲಿಲ್ಲ.